ಧನ್ಯವಾದ ಹೇಳುವ ಫಾರಂ

ಆಗ್ನೆಟೆಯ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದು ಇದು ಮೂರನೇ ಸಲ. ಹೋರ್ಸೆನ್ಸ್ ಊರಿನ ಆ ಲಾಂಡ್ರಿಗೆ ಬರುವುದೆಲ್ಲ ಆಸ್ಪತ್ರೆಯ ಬಟ್ಟೆ. ರಕ್ತ, ವಾಂತಿ, ಮಡಿಕೆಯೊಳಗೆ ಯಾರೋ ಮರೆತ ಸೂಜಿ. ಈ ಸಲ ಸೋಂಕು ಅವಳ ಯಕೃತ್ತಿಗೇ ಇಳಿದಿತ್ತು. ಕೆಲಸದಲ್ಲೇ ಚುಚ್ಚಿತೆಂಬ ದಾಖಲೆ ಇದ್ದರೆ ಮಾತ್ರ ಪರಿಹಾರ. ದಾಖಲೆ ಎಂದರೆ ಲಾಂಡ್ರಿಯ ವೆಬ್‌ಸೈಟಿನ ದೂರಿನ ಫಾರಂ. ಅವಳು ಅದೇ ದಿನ ತುಂಬಿದ್ದಳು. ಪರದೆ 'ಧನ್ಯವಾದ' ಎಂದಿತ್ತು.

ಮ್ಯಾನೇಜರ್ ಪ್ರೆಬೆನ್ ಮಾತ್ರ ಎರಡು ತಿಂಗಳಿಂದ ಒಂದೂ ದೂರು ಬಂದಿಲ್ಲ, ಮನೆಯಲ್ಲಿ ಗುಂಡಿ ಹೊಲಿಯುವಾಗ ಚುಚ್ಚಿಕೊಂಡಿರಬೇಕು ಎಂದುಬಿಟ್ಟ. ವೆಬ್‌ಸೈಟನ್ನು ಅಗ್ಗದ ಸರ್ವರಿಗೆ ಸಾಗಿಸಿ ಸರಿಯಾಗಿ ಎರಡು ತಿಂಗಳಾಗಿತ್ತು.

ಆ ವೆಬ್‌ಸೈಟ್ ಕಟ್ಟಿದವಳು ಸೋಲ್ವೈ. ಸಂಬಳ ಬೆಡ್‌ಶೀಟ್ ಮಡಚುವುದಕ್ಕೆ. ಸಂಜೆ ಶಾಲೆಯಲ್ಲಿ ಕಲಿತ ಕಂಪ್ಯೂಟರ್ ವಿದ್ಯೆಯನ್ನು ಪ್ರೆಬೆನ್ ಎಂಟು ವರ್ಷದಿಂದ ಬಿಟ್ಟಿ ದುಡಿಸಿಕೊಂಡಿದ್ದ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಸಮಾನತೆ ಅಷ್ಟಕ್ಕೇ ಮುಗಿಯುತ್ತದೆ. ಫಾರಂ ಕೆಟ್ಟಿದೆ ಎಂದು ಅವಳು ಎರಡು ಸಲ ಹೇಳಿದಾಗಲೂ, ಸುಮ್ಮನೆ ಶೀಟು ಮಡಚು ಎಂದಿದ್ದ.

ಆದರೆ ಆಸ್ಪತ್ರೆಗಳು ಮೂರು ತಿಂಗಳಿಗೊಮ್ಮೆ ಆರ್ಡರ್ ಹಾಕುವುದೂ ಅದೇ ಫಾರಮಿನಲ್ಲಿ. ಅವೂ ಮಾಯವಾದಾಗ ಪ್ರೆಬೆನ್ ಬೆಳಗ್ಗೆಯೇ ಮೆಟ್ಟಿಲಿಳಿದು ಓಡಿಬಂದ. ಹತ್ತು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬೇರೆ ಬರುವವರಿದ್ದರು.

"ಆರ್ಡರ್ ಮಾತ್ರ ಬರೋ ಹಾಗೆ ಮಾಡು ಸೋಲ್ವೈ."

"ಬಾಗಿಲು ಒಂದೇ ಪ್ರೆಬೆನ್. ತೆಗೆದ್ರೆ ದೂರೂ ಬರುತ್ತೆ."

"ಇನ್ಮೇಲೆ ಬರೋದು ಬರ್ಲಿ. ಹೋದದ್ದು ಹೋಯ್ತಲ್ಲ, ಅಷ್ಟು ಸಾಕು."

ಹೋದದ್ದು ಎಲ್ಲಿಗೆ ಹೋಯಿತೆಂದು ನೋಡಲು ಸೋಲ್ವೈ ಕೂತಳು. ತಾನೇ ಒಂದು ಫಾರಂ ತುಂಬಿದಳು. ಧನ್ಯವಾದ ಬಂತು, ಫಾರಂ ಬರಲಿಲ್ಲ. ಸರ್ವರ್ ಬರೆದಿಟ್ಟುಕೊಂಡ ದೋಷಗಳ ಪಟ್ಟಿ ತೆಗೆದಳು. ಸಾಲುಸಾಲಿಗೂ ಒಂದೇ ಗೋಳು: ಫೋಲ್ಡರಿನೊಳಗೆ ಬರೆಯಲು ಅನುಮತಿ ಇಲ್ಲ. ಸಾಗಿಸಿದವರು ಮನೆ ತಂದಿದ್ದರು, ಬೀಗದ ಕೈ ತಂದಿರಲಿಲ್ಲ. ಒಳಗೆ ಹೋಗಲಾಗದ ಫಾರಮುಗಳೆಲ್ಲ ಹೊರಗಿನ ತಾತ್ಕಾಲಿಕ ಫೋಲ್ಡರಿನಲ್ಲಿ ಕಾದು ಕೂತಿದ್ದವು. ಆಗ್ನೆಟೆಯದೂ ಇತ್ತು, ತಾರೀಖು, ಗಂಟೆ, ರಕ್ತ ಒಸರುವ ಬೆರಳಿನ ಫೋಟೊ. ಸೋಲ್ವೈಗೆ ಅಳು ಬಂತು. ಇನ್ನೂ ಮುಂದಕ್ಕೆ ಓದಿದಾಗ ನಗು ಬಂತು.

ಅನುಮತಿ ಕೊಟ್ಟು ಕಾದವನ್ನೆಲ್ಲ ಒಳಗೆ ಬಿಡಲು ಅರ್ಧ ನಿಮಿಷ ಸಾಕಿತ್ತು. ಅವಳು ಗಡಿಯಾರ ನೋಡಿ ಕಾಫಿ ಬಗ್ಗಿಸಿಕೊಂಡಳು. ಪ್ರೆಬೆನ್‌ಗೆ ಪರದೆಯ ಮೇಲೆ ನಂಬಿಕೆಯಿಲ್ಲ. ಬಂದ ಪ್ರತಿ ಫಾರಮೂ ತನ್ನ ಕುರ್ಚಿಯ ಹಿಂದಿನ ಪ್ರಿಂಟರಿನಲ್ಲಿ ಕಾಗದವಾಗಿ ಬೀಳಬೇಕೆಂಬುದು ಅವನದೇ ಕಟ್ಟಪ್ಪಣೆ. ತುಂಬಿದವರ ಹೆಸರು ಕೆಳಗೆ ತಾನಾಗಿ ಮೂಡುವುದು ಸೋಲ್ವೈಯ ಏರ್ಪಾಡು.

ಹತ್ತೂಕಾಲಿಗೆ ಗುಂಡಿ ಒತ್ತಿ, ಆಗ್ನೆಟೆಯನ್ನು ಕರೆದುಕೊಂಡು ಮೇಲೆ ಹೋದಳು. ಒದ್ದೆ ಏಪ್ರನ್ನಿನ ಹೆಂಗಸರೆಲ್ಲ ಹಿಂದೆಯೇ ಬಂದರು.

ಪ್ರೆಬೆನ್ ಅಧಿಕಾರಿಯ ಮುಂದೆ ದಾಲ್ಚಿನ್ನಿ ಬನ್ನಿನ ತಟ್ಟೆ ಸರಿಸುತ್ತ, ದೂರುಗಳ ಸಂಖ್ಯೆ ಸೊನ್ನೆ ಎನ್ನುತ್ತಿದ್ದ. ಪ್ರಿಂಟರ್ ಗುರುಗುಟ್ಟಿತು. "ಆರ್ಡರ್ ಬಂದ್ವು," ಎಂದು ಹಲ್ಲು ಕಿರಿದ. ಹತ್ತಿರವಿದ್ದ ಅಧಿಕಾರಿ ಬಗ್ಗಿ ಮೊದಲ ಕಾಗದ ಎತ್ತಿಕೊಂಡರು. ಆಮೇಲೆ ಬನ್ ಮುಟ್ಟಲಿಲ್ಲ. ದಿಂಬಿನ ಚೀಲದಲ್ಲಿ ಸೂಜಿ. ಶೀಟಿನಲ್ಲಿ ಸೂಜಿ. ದಪ್ಪ ಕೈಗವಸು ಕೇಳುತ್ತಿರುವುದು ಆರನೇ ಸಲ. ಆಗ್ನೆಟೆಯ ಕಾಗದವನ್ನು ಅವರು ಎರಡು ಸಲ ಓದಿ ಪಕ್ಕಕ್ಕಿಟ್ಟರು.

ಅದರ ಮರುದಿನದ್ದನ್ನು ಗಟ್ಟಿಯಾಗಿ ಓದಿದರು: "'ಪರೀಕ್ಷೆಗೆ ಬರೆದದ್ದು. ಈಗಲೂ ಏನೂ ಬರ್ತಿಲ್ಲ. ಒಳ್ಳೇದೇ ಆಯ್ತು, ಸೂಜಿ ಪುರಾಣ ತಪ್ಪಿತು.' ಕೆಳಗೆ ಹೆಸರು ಪ್ರೆಬೆನ್ ಅಂತಿದೆ. ಯಾರಿವರು?"

ಹೆಂಗಸರೆಲ್ಲ ಪ್ರೆಬೆನ್ ಕಡೆ ತಿರುಗಿದರು. ಅವನ ಕುರ್ಚಿಯ ಹಿಂದೆ ಆಸ್ಪತ್ರೆಯ ಆರ್ಡರುಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ಎತ್ತಿಕೊಳ್ಳಲು ಪ್ರೆಬೆನ್‌ಗೆ ಕೈ ಬರಲಿಲ್ಲ.

"ರಿಪೇರಿ ಆಯ್ತು ಪ್ರೆಬೆನ್," ಎಂದಳು ಸೋಲ್ವೈ. "ನಿನ್ನ ದೂರೂ ಬಂತು ನೋಡು."