ಎದುರುಮನೆ ಮಗನಿಗೊಂದು ಮೆಚ್ಚುಗೆ

ಮಳೆ ಜೋರಾದರೆ ಆ ಬೀದಿಯವರಿಗೆ ನೆಮ್ಮದಿಯಿಲ್ಲ. ಮನೆಗಳ ಹಿಂದಿನ ಕಾಲುವೆ ಉಕ್ಕಿ, ಕೊಳಕು ನೀರು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗುತ್ತಿತ್ತು. ಈ ಸಲವೂ ಸೈಕಲ್ ರಿಪೇರಿಯವನು ಟ್ಯೂಬು, ಟೈರುಗಳನ್ನೆಲ್ಲ ಅಟ್ಟಕ್ಕೇರಿಸಿ, ಪೊರಕೆ ಹಿಡಿದು ಕಾದ. ಮಳೆ ಸುರಿದು ನಿಂತಿತು. ನೀರು ಹೊಸ್ತಿಲು ಮುಟ್ಟಲಿಲ್ಲ.

"ಏನಮ್ಮ ಇದು, ಕಾಲುವೆಗೆ ಬುದ್ಧಿ ಬಂತಾ?" ಎಂದು ಪಕ್ಕದ ಮನೆಯ ನರ್ಸಮ್ಮನನ್ನು ಕೇಳಿದ.

"ಬುದ್ಧಿ ಬರಬೇಕಾದ್ದು ನಮಗಣ್ಣಾ. ನಿಮ್ಮ ಮಗಳು, ಎದುರುಮನೆ ಹುಡುಗ, ಅವರ ಜೊತೆಯವರು ರಜಾ ದಿನವೆಲ್ಲ ಕೆಸರಲ್ಲಿ ನಿಂತು ಪ್ಲಾಸ್ಟಿಕ್ ತೆಗೆದಿದ್ದಾರೆ. ಮಣ್ಣು ಕುಸೀಬಾರದು ಅಂತ ದಡದಲ್ಲಿ ಗಿಡ ನೆಟ್ಟಿದ್ದಾರೆ."

"ಊರಿಗೆ ಉಪಕಾರಿ, ಮನೆಗೆ ಮಾರಿ! ಅದಕ್ಕೇ ಅವಳಿಗೆ ಕಸದ ರಾಣಿ ಅಂತ ಹೆಸರಿಟ್ಟಿದ್ದು."

"ನೀವು ತಮಾಷೆಗೆ ಅಂದ್ರಿ, ಬೀದಿಯೆಲ್ಲ ಅದನ್ನೇ ಹಿಡ್ಕೊಂಡಿದೆ. ಇನ್ಮೇಲೆ ಬರಲ್ಲ ಅಂದ್ಳು. ಅವಳು ನಿಂತ್ರೆ ಉಳಿದವರೂ ನಿಲ್ತಾರೆ. ಮುಂದಿನ ಮಳೆಗೆ ಈ ಪೊರಕೆ ಇರಲಿ."

ಅವನು ಒಳಗೆ ತಿರುಗಿ ನೋಡಿದ. ತೊಳೆದು ಒಣಗಿಸಿದ ಮಗಳ ರಬ್ಬರ್ ಬೂಟುಗಳು ಅಟ್ಟದ ಮೇಲೆ, ಟೈರುಗಳ ಪಕ್ಕದಲ್ಲಿ ಕೂತಿದ್ದವು.

"ಏನು ಮಾಡ್ಬೇಕು ಹೇಳಮ್ಮ."

"ಸಂಜೆ ಸೇರೋಣ. ಮಕ್ಕಳನ್ನ ಎದುರಿಗೆ ಕೂರಿಸಿ ಒಳ್ಳೆ ಮಾತು ಹೇಳೋಣ, ಅಷ್ಟೇ."

ಸಂಜೆ ಎಲ್ಲರೂ ಸೇರಿದರು. ಹೆತ್ತವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ಕುಳಿತರು.

"ನಮ್ಮ ಮಕ್ಕಳನ್ನ ನಾವೇ ಹೊಗಳಿದ್ರೆ ಜನ ನಗಲ್ವಾ?" ಎಂದ ರಿಪೇರಿಯವನು.

"ಹಾಗಾದ್ರೆ ಎದುರುಮನೆ ಮಗನ್ನ ಹೊಗಳಿ," ಎಂದರು ನರ್ಸಮ್ಮ.

ಆ ಹುಡುಗನ ತಾಯಿ, ಹಿಟ್ಟಿನ ಗಿರಣಿ ನಡೆಸುವ ಗಿರಣಿಯಮ್ಮನಿಗೂ ರಿಪೇರಿಯವನಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಅವನು ಎದ್ದು ಗಂಟಲು ಸರಿಮಾಡಿಕೊಂಡ.

"ಈ ಹುಡುಗನ ಅಮ್ಮನ ಬಾಯಿ ದೊಡ್ಡದು. ಇವನ ಕೆಲಸ ಅದಕ್ಕಿಂತ ದೊಡ್ಡದು. ಕಾಲುವೆಯಿಂದ ಇವನು ಎಳೆದು ಹಾಕಿದ ಹಳೇ ಟೈರೆಲ್ಲ ನಂದೇ. ನನ್ನ ಅಂಗಡಿ ನೀನೇ ಉಳಿಸಿದೆ ಕಣಪ್ಪಾ."

ಗೊಳ್ಳೆಂದು ನಗು ಎದ್ದಿತು. ಗಿರಣಿಯಮ್ಮ ಸುಮ್ಮನಿರುವವಳೇ?

"ಟೈರ್ ಎಸೆಯೋನಿಗೆ ಇಂಥ ಮಗಳು ಹೇಗೆ ಹುಟ್ಟಿದ್ಳೋ! ನನ್ನ ಹಿಟ್ಟಿನ ಮೂಟೆ ನೆನೀದೆ ಉಳಿದದ್ದು ಇವಳಿಂದ. ಇನ್ಮೇಲೆ ಇವಳನ್ನ ಯಾರಾದ್ರೂ ಆಡಿಕೊಂಡ್ರೆ ನನ್ನ ಗಿರಣಿ ಮೆಟ್ಟಿಲು ಹತ್ತಬೇಡಿ."

ಮಗಳು ತಲೆ ತಗ್ಗಿಸಿದಳು.

ಮುಂದಿನ ರಜೆಯ ಬೆಳಿಗ್ಗೆ ಅವಳು ಅಟ್ಟಕ್ಕೆ ಕೈ ಹಾಕಿದರೆ ಬೂಟುಗಳಿರಲಿಲ್ಲ. ಅಪ್ಪ ಅವನ್ನು ಬಾಗಿಲಲ್ಲಿ ಜೋಡಿಸಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ ನಿಂತಿದ್ದ.

"ನಡಿಯಮ್ಮಾ. ಉಳಿದ ಟೈರ್ ಎಲ್ಲಿವೆ ಅಂತ ನಂಗೇ ಗೊತ್ತು."

ಅಕ್ಕ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಯಾರೋ ಸದ್ದಿಲ್ಲದೆ ಗಿಡಕ್ಕೆ ನೀರು ಹಾಕುತ್ತಿರಬಹುದು, ಕಾಲುವೆಯ ಕಸ ತೆಗೆಯುತ್ತಿರಬಹುದು. ಪ್ರಶಸ್ತಿ, ಸನ್ಮಾನ ಆಮೇಲೆ ಆಗಲಿ. ಇವತ್ತೇ ಅವರ ಬಾಗಿಲಿಗೆ ಹೋಗಿ, ಮನೆಯವರಿಗೂ ಕೇಳಿಸುವಂತೆ ಒಂದು ಒಳ್ಳೆಯ ಮಾತು ಹೇಳಿ. ನಿಮ್ಮ ಮಗುವನ್ನು ಹೊಗಳಲು ಸಂಕೋಚವೇ? ಎದುರುಮನೆಯ ಮಗುವಿನಿಂದ ಶುರು ಮಾಡಿ.