ಪರವಾಗಿಲ್ಲ

ನರ್ಸ್ ಹುಡುಗಿಯ ಪೆನ್ನಿನ ಮೊನೆಯಲ್ಲಿ ನೀಲಿ ಶಾಯಿ ಕಟ್ಟಿದೆ, ಒರೆಸಿಕೊಳ್ಳಬಾರದೇ ಇವಳು, ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ, ಮೂವತ್ತು ವರ್ಷ ಹೊಲಿದವಳಿಗೆ ಗೊತ್ತು — ಹೇಗಿದ್ದೀರಮ್ಮಾ ಈ ವಾರ — ಇನ್ನೂ ಕೇಳಿಲ್ಲ, ಫೈಲು ಬಿಡಿಸುತ್ತಿದ್ದಾಳೆ, ಕೇಳುತ್ತಾಳೆ, ಹನ್ನೊಂದು ವಾರ ಇದನ್ನೇ ಕೇಳಿದ್ದಾಳೆ, ಹನ್ನೊಂದು ವಾರವೂ ನಾನು ಒಂದೇ ಮಾತು ಹೇಳಿದ್ದೇನೆ, ಪರವಾಗಿಲ್ಲಮ್ಮಾ. ಹೋಗಲಿ ಬಿಡು, ನಿನ್ನ ಕೆಲಸ ನೋಡಿಕೋ ಅಂತ ನನ್ನ ಅರ್ಥ, ಮೊದಲಿಗಿಂತ ವಾಸಿ ಅಂತ ಅವಳ ಅರ್ಥ, ಕಳೆದ ವಾರ ಫೈಲು ಓರೆಯಾಗಿಟ್ಟಿದ್ದಳು, ಆಗ ಕಂಡಿತು, ಸಾಲಾಗಿ ನೀಲಿ ಗುರುತು, ಎಲ್ಲವೂ ಸುಧಾರಣೆ ಅನ್ನುವ ಚೌಕದಲ್ಲೇ, ಹೊಲಿಗೆ ಹಾಕಿದಷ್ಟು ನೆಟ್ಟಗೆ. ನಕ್ಕುಬಿಟ್ಟೆ, ಆ ನಗುವನ್ನೂ ಬರೆದುಕೊಂಡಳೋ ಏನೋ. ಎಂಥ ಸುಧಾರಣೆ, ಮಾತ್ರೆ ನಿಜವಾದದ್ದೋ ಬರೀ ಹಿಟ್ಟಿನದೋ ನನಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು, ಹೊಸ ಮಾತ್ರೆಯ ಪ್ರಯೋಗ ಅಂದ್ರೆ ಹಾಗೇ ಕಣಮ್ಮಾ, ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರು ಹೇಳಿದ್ದು. ಅವರು ಬೈಪೋಲಾರ್ ಅನ್ನುತ್ತಾರೆ, ಮನೆಯಲ್ಲಿ ನಾವು ಏರೋದು ಇಳಿಯೋದು ಅನ್ನುತ್ತೇವೆ, ಏರಿದಾಗ ಒಂದೇ ಮಧ್ಯಾಹ್ನ ಒಂಬತ್ತು ಅಂಗಿ ಕತ್ತರಿಸಿದ್ದೆ, ಒಂಬತ್ತಕ್ಕೂ ಬರೀ ಎಡತೋಳು, ಗಿರಾಕಿಗಳ ಮನೆಮನೆಗೆ ಹೋಗಿ ಕೈಮುಗಿದವಳು ತಂಗಿ, ಇಳಿದಾಗ ತಲೆ ಬಾಚುವುದಕ್ಕೂ ಕೈ ಏಳುವುದಿಲ್ಲ, ಈಗ ಇಳಿದಿದ್ದೇನೆ, ನಾಲ್ಕು ತಿಂಗಳಾಯಿತು. ಬೆಳಿಗ್ಗೆ ನನಗೆ ಜಡೆ ಹಾಕುತ್ತಾ ತಂಗಿ ಅಂದಳು, ಅಕ್ಕಾ, ಇವತ್ತಾದ್ರೂ ಇದ್ದದ್ದು ಇದ್ದ ಹಾಗೆ ಹೇಳೇ, ಕೊನೇ ಸಲ ಅಂತೆ ಕೇಳೋದು, ಈಗ ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿರಬೇಕು ಪಾಪ, ನನ್ನಿಂದ ಅವಳಿಗೆ ಸಾಕಾಗಿದೆ, ನನಗೂ ನನ್ನಿಂದ ಸಾಕಾಗಿದೆ. ಹೇಳಬೇಕು, ಹೇಳದಿದ್ದರೆ ವಾಸಿಯಾದವಳು ಅಂತ ಬರೆದು ಮನೆಗೆ ಕಳಿಸುತ್ತಾರೆ, ನನ್ನ ಈ ಒಂದು ಮಾತು ನಂಬಿ ನಾಳೆ ಇನ್ಯಾರದೋ ಅಕ್ಕನಿಗೆ ಇದೇ ಮಾತ್ರೆ ನುಂಗಿಸುತ್ತಾರೆ, ಹೇಳಲೇಬೇಕು, ಆದರೆ ಈ ಹುಡುಗಿಯ ಮುಖ ಅರಳುತ್ತದಲ್ಲ ಪ್ರತಿ ಸಲ, ಅದನ್ನು ಬಾಡಿಸುವುದಕ್ಕೂ ಶಕ್ತಿ ಬೇಕು, ಅಷ್ಟಿದ್ದಿದ್ದರೆ ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ — ಹೇಗಿದ್ದೀರಮ್ಮಾ ಈ ವಾರ? ಕೇಳಿಯೇಬಿಟ್ಟಳು, ಕೇಳುವ ಮೊದಲೇ ನಗುತ್ತಿದ್ದಾಳೆ, ಪರ— ಅನ್ನುವಷ್ಟರಲ್ಲಿ ಪೆನ್ನು ಆ ಚೌಕದ ಕಡೆ ಹೊರಟಿತು, ನನ್ನ ನಾಲಿಗೆಗೆ ರೂಢಿ, ಅವಳ ಪೆನ್ನಿಗೂ ರೂಢಿ, ಬೇರೆ ಮಾತು ಬಾಯಿಗೆ ಬರುತ್ತಿಲ್ಲ, ಕೈ ಎದ್ದಿತು, ಬಾಚಣಿಗೆಗೆ ಏಳದ ಕೈ, ಹೋಗಿ ಚೌಕದ ಮೇಲೆ ಬೆರಳಿಟ್ಟಿತು, ಅಮ್ಮಾ, ಏನಾಯ್ತು, ಕೈ ತೆಗೀರಿ, ತೆಗೆಯುವುದಿಲ್ಲ, ನೀಲಿ ಮೊನೆ, ಉಗುರಿನ ಮೇಲೆ, ನೀಲಿ ಮೊನೆ —