ಮೂರು ದಿನ ನೀರೊಳಗೆ

ನಮ್ಮೂರ ಹೈಸ್ಕೂಲಿನ ದೋಣಿ ಸಂಘದ ನಿಯಮಗಳನ್ನು ಆಫೀಸಿನ ಗೋಡೆಗೆ ತೂಗುಹಾಕಿದ್ದಾರೆ. ಮೊದಲನೆಯದನ್ನು ಓದಿ ಹೊಸ ಮಾಸ್ತರರೆಲ್ಲ ನಗುತ್ತಾರೆ: ‘ಪ್ರತಿ ವರ್ಷ ಹುಡುಗರು ಹತ್ತುವ ಮೊದಲು ದೋಣಿಯನ್ನು ಮೂರು ದಿನ ಮುಳುಗಿಸಿಡತಕ್ಕದ್ದು.’ ಆ ನಿಯಮ ಹೇಗೆ ಬಂತೆಂದು ನನಗೆ ಗೊತ್ತು. ಆ ದೋಣಿ ಮಾಡಿದವನು ನನ್ನ ಅಪ್ಪ, ಬಡಿಗೇರ ರಾಮಲಿಂಗಪ್ಪ.

ಆಣೆಕಟ್ಟು ತುಂಬಿ ಮಲಪ್ರಭೆಯ ಹಿನ್ನೀರು ನಮ್ಮ ಹೊಲಗಳ ಅಂಚಿಗೆ ಬಂದು ನಿಂತಾಗ ಅಷ್ಟು ನೀರನ್ನು ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ. ಎಮ್ಮೆ ತೊಳೆದರು. ಹೆಡ್‌ಮಾಸ್ತರ ರಘೋತ್ತಮ ಅವರಿಗೆ ಮಾತ್ರ ಹುಡುಗರಿಗೆ ಹುಟ್ಟು ಹಾಕುವುದನ್ನು ಕಲಿಸುವ ಹುಚ್ಚು ಹತ್ತಿತು. ಕಾರವಾರದಿಂದ ನಕ್ಷೆ ತರಿಸಿ ಅಪ್ಪನ ಮುಂದೆ ಹಾಸಿದರು. ಅಪ್ಪ ಅಲ್ಲಿಯವರೆಗೆ ಚಕ್ಕಡಿ, ಕೂರಿಗೆ, ಬಾಗಿಲು ಮಾಡಿದವನು. ನಕ್ಷೆಯನ್ನು ಎಂಟು ದಿನ ನೋಡಿ, ಮಾಡುತ್ತೇನೆ ಅಂದ. ಹಲಗೆಗಳ ಸಂದಿಗೆ ಹತ್ತಿಯ ಹುರಿ ತುಂಬಿ ಡಾಂಬರು ಹಚ್ಚಿದ. ಅವ್ವ ತೀರಿಕೊಂಡ ಮೇಲೆ ಆರನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ ನಾನು ದಿನಾ ಮಧ್ಯಾಹ್ನ ಅವನಿಗೆ ಬುತ್ತಿ ಒಯ್ದು, ಅವನು ಉಂಡು ಮುಗಿಸುವವರೆಗೆ ಕೂತು ನೋಡುತ್ತಿದ್ದೆ.

ಎಪ್ಪತ್ನಾಲ್ಕರ ಶ್ರಾವಣದಲ್ಲಿ ದೋಣಿ ನೀರಿಗಿಳಿಯಿತು. ಓಣಿಯ ಹಿರಿಯಳು ಶಟ್ಟೆವ್ವ ಕಾಯಿ ಒಡೆದಳು. ಮೊದಲೆರಡು ದಿನ ತಳದಲ್ಲಿ ನೀರು ಜಿನುಗಿತು, ಆಮೇಲೆ ತಾನಾಗಿಯೇ ನಿಂತಿತು. ಕಾಯಿ ಒಡೆದದ್ದಕ್ಕೇ ನಿಂತಿತೆಂದು ಶಟ್ಟೆವ್ವ ಕೊನೆಯವರೆಗೂ ಹೇಳುತ್ತಿದ್ದಳು.

ಆ ವರ್ಷವೆಲ್ಲ ಹುಡುಗರು ನಾಲ್ಕು ಹುಟ್ಟು ಹಾಕಿ ಮುಳುಗಿದ ಬೇವಿನ ಮರದವರೆಗೆ ಹೋಗಿ ಬಂದರು. ಬೇಸಿಗೆ ಬಂದಾಗ ದೋಣಿಯನ್ನು ಎಲ್ಲಿಡಬೇಕೆಂಬ ಮಾತೆದ್ದಿತು. ನೀರಿನ ವಿಷಯ ತಿಳಿದವನೆಂದರೆ ಹಜರತಸಾಬ ಒಬ್ಬನೇ. ಅವನ ತಂದೆಯ ಕಾಲದಿಂದ ಅವರು ತೊಗಲಿನ ಹರಿಗೋಲಿನಲ್ಲಿ ಹೊಳೆ ದಾಟಿಸುವವರು. ತೊಗಲು ಕೊಳೆಯಬಾರದೆಂದು ಹರಿಗೋಲನ್ನು ಮೇಲೆ ತಂದು ಬೋರಲು ಹಾಕಿ ಒಣಗಿಸುತ್ತಾರೆ. ದೋಣಿಗೂ ಅವನು ಅದನ್ನೇ ಹೇಳಿದ. ಹೆಡ್‌ಮಾಸ್ತರರು ಅದನ್ನು ಶಾಲೆಯ ಪಡಸಾಲೆಯಲ್ಲಿ ಎರಡು ಬೆಂಚಿನ ಮೇಲೆ ಬೋರಲು ಹಾಕಿಸಿದರು. ಏಪ್ರಿಲ್, ಮೇ ಎರಡೂ ತಿಂಗಳು ಬಿಸಿಗಾಳಿ ಅದರ ಮೇಲೆಯೇ ಬೀಸಿತು.

ಜುಲೈಯಲ್ಲಿ ಹೊಸ ನೀರು ಬಂತು. ದೋಣಿ ಇಳಿಸಿದರು. ಹುಡುಗರು ಹತ್ತು ಮಾರು ಹೋಗುವುದರೊಳಗೆ ನೀರು ಮೊಣಕಾಲಿಗೆ ಬಂತು. ಈಜುತ್ತ ತಿರುಗಿ ಬಂದರು. ಅಪ್ಪ ಮತ್ತೆ ಹುರಿ ತುಂಬಿದ, ಮತ್ತೆ ಡಾಂಬರು ಹಚ್ಚಿದ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಚಕ್ಕಡಿ ಮಾಡುವವನ ಕೈಯಲ್ಲಿ ದೋಣಿ ಮಾಡಿಸಿದರೆ ಹೀಗೇ ಎಂದು ಕಟ್ಟೆಯ ಮೇಲೆ ಕೂತವರು ಅಂದದ್ದು ಅಪ್ಪನ ಕಿವಿಗೂ ಬಿತ್ತು. ಬುತ್ತಿಯ ರೊಟ್ಟಿ ಹಾಗೇ ತಿರುಗಿ ಮನೆಗೆ ಬರತೊಡಗಿತು.

ಸೋಮವಾರ ಬೆಳಗಾವಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಸಂಘವನ್ನು ನೋಡಲು ಬರುವವರಿದ್ದರು. ದೋಣಿ ತೇಲದಿದ್ದರೆ ಪರವಾನಗಿ ರದ್ದು. ಶುಕ್ರವಾರ ನಾನು ಬುತ್ತಿ ಒಯ್ದಾಗ ಅಪ್ಪ ದೋಣಿಯ ಮೇಲೆ ಸುಣ್ಣದ ದಾರ ಹಿಡಿದು ಗೆರೆ ಹೊಡೆಯುತ್ತಿದ್ದ. ಗರಗಸ ಪಕ್ಕದಲ್ಲಿತ್ತು. ಹೆಡ್‌ಮಾಸ್ತರರೂ ಹಜರತಸಾಬನೂ ಅಲ್ಲೇ ನಿಂತಿದ್ದರು. ದೋಣಿ ಕೊಯ್ದು ಆ ಹಲಗೆಗಳಲ್ಲೇ ಶಾಲೆಗೆ ಬೆಂಚು ಮಾಡಿಕೊಡುವುದು, ಇನ್ನು ಮುಂದೆ ಹೊಸ ಕೆಲಸ ಒಪ್ಪದಿರುವುದು ಅಪ್ಪನ ನಿರ್ಧಾರ. ಯಾರೂ ಅವನಿಗೆ ಕೊಯ್ಯೆಂದು ಹೇಳಿರಲಿಲ್ಲ.

ಸಂದಿಗಳನ್ನು ನೋಡಿದೆ. ಉಗುರು ಹೋಗುವಷ್ಟು ಬಿಟ್ಟಿದ್ದವು. ಹಿಂದಿನ ವರ್ಷ ನೀರು ತಾನಾಗಿಯೇ ನಿಂತದ್ದು ನೆನಪಾಯಿತು. ಮತ್ತೊಂದೂ ನೆನಪಾಯಿತು. ಆದರೆ ಹೆಡ್‌ಮಾಸ್ತರರ ಮುಂದೆ ನಾನು ಒಮ್ಮೆಯೂ ಬಾಯಿ ತೆರೆದವಳಲ್ಲ. ಅಪ್ಪ ಗರಗಸ ಕೈಗೆತ್ತಿಕೊಂಡ.

“ಅಪ್ಪಾ, ಕೊಯ್ಯಬ್ಯಾಡ. ನೀರಾಗ ಮುಣಗಿಸಿ ಇಡು,” ಎಂದೆ. ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಹಜರತಸಾಬ ಕೇಳಿಸಿಕೊಂಡು ನಕ್ಕ. “ಮುಣಗಾಕ ಅದಕ್ಕ ನಮ್ಮ ಮದತ್ ಬೇಕಾಗಿಲ್ಲವ್ವಾ ತಂಗಿ. ತಾನ ಮುಣಗಾಕ ಹತ್ತೈತಿ.”

ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. “ಯಾಕವಾ ಇಂದ್ರವ್ವ? ಹೇಳು, ಅಂಜಬ್ಯಾಡ.”

ನಾನು ಬುತ್ತಿಯ ಗಂಟು ನೋಡುತ್ತ ಹೇಳಿದೆ: “ಬ್ಯಾಸಗ್ಯಾಗ ಚಕ್ಕಡಿ ಗಾಲಿ ಒಣಗಿ ಕಬ್ಬಣದ ಹಳಿ ಸಡ್ಲ ಆದ್ರ, ಕೆರಿಯಾಗ ಇಡ್ರಿ ಅಂತ ಅಪ್ಪನ ಎಲ್ಲಾರಿಗೂ ಹೇಳತಾನ್ರೀ. ಕಟಗಿ ನೀರ ಕುಡದು ಉಬ್ಬತೈತಿ. ಇದೂ ಕಟಗೀನ ಅಲ್ಲೇನ್ರಿ?”

ಅಪ್ಪ ಗರಗಸವನ್ನು ನೆಲಕ್ಕಿಟ್ಟ. ಸಂದಿಯೊಂದರಲ್ಲಿ ಉಗುರಾಡಿಸಿದ. “ಊರ ಮಂದೀಗೆಲ್ಲಾ ಹೇಳಾಂವ ನಾನ,” ಎಂದ. ಆಮೇಲೆ ಕಟ್ಟಿಗೆಗೆ ನೀರು ತಾಗಲೆಂದು ಡಾಂಬರನ್ನೆಲ್ಲ ಕೆರೆಯತೊಡಗಿದ.

ಹರಿಗೋಲಿನ ಬುದ್ಧಿ ಕಟ್ಟಿಗೆಗೆ ಹೇಳಿದೆನೆಂದು ಹಜರತಸಾಬ ತಲೆ ಕೆರೆದುಕೊಂಡ. ಸಂಜೆಯೊಳಗೆ ಅವನೇ ಮುಂದೆ ನಿಂತು, ಹುಡುಗರನ್ನು ಕೂಡಿಸಿ, ದೋಣಿಗೆ ಕಲ್ಲು ಹೇರಿ ಸೊಂಟಮಟ್ಟದ ನೀರಿನಲ್ಲಿ ಮುಳುಗಿಸಿದ. ಶನಿವಾರ, ರವಿವಾರ ಅಪ್ಪ ದಂಡೆಯ ಮೇಲೆಯೇ ಕೂತಿದ್ದ. ಬುತ್ತಿ ಬಿಚ್ಚಲಿಲ್ಲ.

ಸೋಮವಾರ ಮಧ್ಯಾಹ್ನ ಕಲ್ಲು ತೆಗೆದು, ದೋಣಿ ಎತ್ತಿ, ನೀರು ಚೆಲ್ಲಿ ಮತ್ತೆ ತೇಲಿಬಿಟ್ಟರು. ಸಾಹೇಬರ ಜೀಪು ಬಂದು ನಿಂತಿತ್ತು. ನಾಲ್ವರು ಹುಡುಗರು ಹತ್ತಿದರು. ಹುಟ್ಟುಗಳು ಒಮ್ಮೆ ಹೆಚ್ಚುಕಡಿಮೆಯಾಗಿ ಆಮೇಲೆ ಒಂದೇ ಸಮ ಬಿದ್ದವು. ನಾನು ಜಾಲಿಗಿಡದ ಹಿಂದೆ ನಿಂತು ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದಷ್ಟೇ ನೋಡುತ್ತಿದ್ದೆ. ಬೇವಿನ ಮರ ಸುತ್ತಿ ತಿರುಗಿ ಬರುವವರೆಗೂ ಅದು ಹಾಗೇ ಇತ್ತು.

ದೋಣಿ ದಂಡೆ ಮುಟ್ಟಿದಾಗ ಅಪ್ಪ ಒಳಗೆ ಬಗ್ಗಿ ತಳದ ಮೇಲೆ ಅಂಗೈ ಆಡಿಸಿದ. ಕೈ ಒದ್ದೆಯಾಯಿತು, ಅಷ್ಟೇ. ಸಾಹೇಬರು ಪರವಾನಗಿ ಮುಂದುವರಿಸುವುದಾಗಿ ಹೇಳಿ, ಇಷ್ಟು ಬಿಗಿಯಾದ ದೋಣಿಯನ್ನು ಕಾರವಾರದಲ್ಲಿ ಮಾಡಿಸಿದಿರಾ ಎಂದು ಕೇಳಿದರು. ಹೆಡ್‌ಮಾಸ್ತರರು ಅಪ್ಪನ ಕಡೆ ಕೈ ತೋರಿಸಿದರು.

ಜೀಪು ಹೋದ ಮೇಲೆ ಅಪ್ಪ ಗಿಡದ ಕಡೆ ನಡೆದು ಬಂದು ನನ್ನ ಪಕ್ಕದಲ್ಲಿ ಕೂತ. “ರೊಟ್ಟಿ ಅದಾವೇನು?” ಎಂದ. ಇದ್ದವು, ಮುಂಜಾನೆ ಬಡಿದವು. ನಾಲ್ಕನ್ನೂ ಉಂಡ.